ಗಟ್ಟಿಯಾಗಬಾರದಿದ್ದ ರಾಳ

ಮಗಳು ಬಾಗಿಲು ಎಳೆದೊಡನೆ ಹೆಣ ಹೊರಗೆ ಉರುಳಿತು.

ಸತ್ತವನು ಮೋಟಾರ್ ಕಾರ್ಖಾನೆಯ ಯಜಮಾನ. ಬೆರಳ ತುದಿಗಳು ಜಜ್ಜಿಹೋಗಿದ್ದವು. ಬಾಗಿಲ ಒಳಮೈಯಲ್ಲಿ ಪರಚಿದ ಗೆರೆಗಳು.

ಇನ್ಸ್‌ಪೆಕ್ಟರಮ್ಮ ಮೂಗಿಗೆ ಕರವಸ್ತ್ರ ಹಿಡಿದು ಒಳಹೊಕ್ಕಳು. ತಾಮ್ರದ ಸುರುಳಿಗಳಿಗೆ ರಾಳ ತುಂಬುವ ಕೋಣೆ. ಕಿಟಕಿಯಿಲ್ಲ. ರಾಳದ ವಿಷದ ಆವಿಯನ್ನು ಹೊರಗೆಳೆಯುವ ಫ್ಯಾನ್ ನಿಂತಿತ್ತು. ಅದರ ಸ್ವಿಚ್ಚು ಹೊರಗಡೆ. ಒಲೆ ಹಚ್ಚಿರಲಿಲ್ಲ. ಉರುಳಿದ ಡಬ್ಬಿಯಿಂದ ರಾಳ ನೆಲದ ತುಂಬ ಹರಿದಿತ್ತು. ಬಾಗಿಲು ತಾನೇ ಮುಚ್ಚಿಕೊಳ್ಳುವಂಥದ್ದು. ಒಳಗಿನ ಹಿಡಿಕೆ ಮಾತ್ರ ಜಪ್ಪಯ್ಯ ಎಂದರೂ ತಿರುಗಲಿಲ್ಲ. ಅದರ ಬುಡಕ್ಕೂ ರಾಳ ಮೆತ್ತಿಕೊಂಡಿತ್ತು.

ಹಿಡಿಕೆಯನ್ನು ಬಿಚ್ಚಿಸಿ ಜೀಪಿಗೆ ಕಳಿಸಿದಳು.

"ಅಪ್ಪನ ರಾಳ ಒಲೆಯ ಶಾಖ ತಗಲೋವರೆಗೂ ನೀರಿನ ಹಾಗೇ ಇರುತ್ತೆ," ಮಗಳು ಬಿಕ್ಕುತ್ತ ಹೇಳಿದಳು. "ಅದಕ್ಕೇ ಸುರುಳಿಯ ಎಳೆ ಎಳೆಗೂ ಇಳಿಯುತ್ತೆ. ಮೋಟಾರ್ ಸುಡಲ್ಲ. ಆದ್ರೆ ಎದುರಾಳಿ ಕಂಪನಿಗೆ ಇದು ಮೊದಲೇ ಗೊತ್ತಿತ್ತು ಅಂತ ಪೇಟೆಂಟ್ ಕೊಡಲಿಲ್ಲ. ನಾಳೆ ಅಪೀಲಿನ ವಿಚಾರಣೆ."

"ನಿನ್ನೆ ಯಾರಾದ್ರೂ ಬಂದಿದ್ರಾ?"

"ಎದುರಾಳಿ ಕಂಪನಿಯ ಎಂಜಿನಿಯರ್. ಜೋರು ಜಗಳವಾಯ್ತು."

* * *

ಎಂಜಿನಿಯರ್ ಬೆವರುತ್ತಿದ್ದ. "ಕಾರ್ಖಾನೆಯ ಆಫೀಸು ದಾಟಿ ಒಳಗೆ ಕಾಲಿಟ್ಟಿಲ್ಲ ಮೇಡಂ. ಬೇಕಾದ್ರೆ ಕಾವಲುಗಾರನನ್ನ ಕೇಳಿ."

ಕಾವಲುಗಾರ ಹೌದೆಂದ.

"ಜಗಳ ಯಾಕೆ?"

"ಗುಟ್ಟು ನಮಗೆ ಮಾರಿದ್ದು ಅವರ ಮನೆಯವರೇ. ಅಪೀಲು ನಡೆದ್ರೆ ಆ ಹೆಸರು ಹೊರಗೆ ಬರುತ್ತೆ ಅಂದೆ. ಬರಲಿ ಬಿಡಿ ಅಂದ್ರು."

"ಯಾರ ಹೆಸರು?"

ಅವನು ವಕೀಲರಿಗೆ ಫೋನ್ ಹಚ್ಚಿದ.

* * *

ರಿಪೇರಿ ಕೋಣೆ ನೋಡಿಕೊಳ್ಳುವ ಯಜಮಾನನ ತಮ್ಮ ಓಡೋಡಿ ಬಂದವನು ರಾಳದ ಕೋಣೆಯ ಬಾಗಿಲ ಬಳಿಯೇ ಕುಸಿದ. "ಅಯ್ಯೋ ಅಣ್ಣಾ! ಒಬ್ಬನೇ ಕೆಲಸ ಮಾಡಬೇಡ ಅಂತ ಬಡಕೊಂಡೆ. ಚೆಲ್ಲಿದ ರಾಳ ಹಿಡಿಕೆಗೆ ಮೆತ್ತಿ ಅದೂ ತಿರುಗಲಿಲ್ಲವಲ್ಲ!"

"ಯಾವ ಹಿಡಿಕೆ?" ಇನ್ಸ್‌ಪೆಕ್ಟರಮ್ಮ ಕೇಳಿದಳು.

ಅವನು ತಲೆಯೆತ್ತಿದ. ಬಾಗಿಲಲ್ಲಿ ಬರೀ ತೂತಿತ್ತು.

"ನೀವು ಬರೋ ಮೊದಲೇ ಬಿಚ್ಚಿಸಿದ್ದೆ. ಅದು ತಿರುಗಲಿಲ್ಲ ಅಂತ ನಿಮಗೆ ಹೇಳಿದ್ಯಾರು?"

"ಇವಳೇ... ಫೋನಿನಲ್ಲಿ..."

"ಇಲ್ಲ ಚಿಕ್ಕಪ್ಪ," ಮಗಳ ದನಿ ಸಣ್ಣಗಾಯಿತು. "ಅಪ್ಪ ಹೋದ್ರು ಅಂದೆ. ಅಷ್ಟೇ."

ಇನ್ಸ್‌ಪೆಕ್ಟರಮ್ಮ ನೆಲದ ರಾಳಕ್ಕೆ ಕಡ್ಡಿ ಅದ್ದಿ ಎತ್ತಿದಳು. ಹನಿ ಜಾರಿತು. "ನಿಮ್ಮಣ್ಣನ ರಾಳ ಇನ್ನೂ ನೀರಾಗೇ ಇದೆ. ಹಿಡಿಕೆಯಲ್ಲಿದ್ದದ್ದು ಕಲ್ಲಾಗಿತ್ತು. ಶಾಖವಿಲ್ಲದೆ ಗಟ್ಟಿಯಾಗೋ ಬೇರೆ ರಾಳ ಅದು. ರಿಪೇರಿ ಕೋಣೆಯಲ್ಲಿದೆ, ಬೀಗದ ಕೈ ನಿಮ್ಮ ಹತ್ತಿರ. ಎಂಜಿನಿಯರ್ ಒಳಗೇ ಬಂದಿಲ್ಲ. ಗುಟ್ಟು ಮಾರಿದೋರು ನೀವು. ಅಣ್ಣ ಸತ್ತರೆ ಅಪೀಲೂ ಸಾಯುತ್ತೆ ಅಂದ್ಕೊಂಡ್ರಿ."



ಮಗಳು ಚಿಕ್ಕಪ್ಪನ ಎದುರಿಗೆ ಬಂದು ನಿಂತಳು. "ಅಪ್ಪ ಬಾಗಿಲು ಬಡಿದಾಗ ಇಲ್ಲೇ ಇದ್ರಾ?"

"ಇದ್ದೆ."

"ಅಪ್ಪ ಕೂಗಿದ್ರಾ?"

"ನನ್ನ ಹೆಸರು ಹಿಡಿದೇ ಕೂಗಿದ. ನಾನು ಬಿಡಿಸ್ತೀನಿ ಅಂದ್ಕೊಂಡಿದ್ದ."

"ಆಗ ಏನು ಮಾಡಿದ್ರಿ?"

ಅವನು ತನ್ನ ಬಲಗೈಯನ್ನು ನೋಡಿಕೊಂಡ.

"ಫ್ಯಾನ್ ಆರಿಸಿದೆ," ಎಂದ.