ಪುಸ್ತಕದಲ್ಲಿಲ್ಲದ ನಾಲ್ಕು ದಿನ

ಸೋಮವಾರ ಉತ್ತರ ಹೇಳುತ್ತೇನೆಂದು ಧನುಶ್ರೀ ಮಾತು ಕೊಟ್ಟಿದ್ದಳು. ಸೋಮವಾರವೇ ಬಂದಳು. ಆದರೆ ಬಂದ ವೇಷದಲ್ಲಿ ಲೋಹಿತನಿಗೆ ಅವಳ ಗುರುತೇ ಸಿಗಲಿಲ್ಲ. ಅಡಿಯಿಂದ ಮುಡಿಯವರೆಗೆ ಬಿಳಿ ಪ್ಲಾಸ್ಟಿಕ್ ಸೂಟು, ಕೈಗೆ ಗ್ಲೌಸು, ಮುಖಕ್ಕೆ ಮಾಸ್ಕು. ಕಾಣುತ್ತಿದ್ದದ್ದು ಕಣ್ಣು ಮಾತ್ರ.

ಆ ಕಣ್ಣಿನಿಂದಲೇ ಅವನಿಗೆ ಗೊತ್ತಾಯಿತು.

“ಮೇಡಂ, ನೀವಾ? ನನ್ನ ಒಲ್ಲೆ ಅನ್ನಕ್ಕೆ ಇಷ್ಟೊಂದು ಬಂದೋಬಸ್ತಾ?”

ಅವಳಿಗೆ ನಗು ಬರಲಿಲ್ಲ. ಅವನು ಗಡ್ಡ ಹೆರೆದು, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ತೊಟ್ಟಿದ್ದ. ಹಂದಿ ಸಾಕುವವನು ಬೆಳಗ್ಗೆ ಎಂಟಕ್ಕೇ ಹಾಗೆ ಸಿಂಗಾರವಾಗಿ ನಿಲ್ಲುವುದು ಯಾರಿಗಾಗಿ ಎಂದು ಬಿಡಿಸಿ ಹೇಳಬೇಕಿರಲಿಲ್ಲ.

“ಗೇಟು ತೆಗೀಬೇಡಿ ಲೋಹಿತ್. ಮೊದ್ಲು ನಾನು ಹೇಳೋದು ಕೇಳಿ.”

ಧನುಶ್ರೀ ಪಶು ಪರೀಕ್ಷಕಿ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಮಾದಾಪುರದ ಸುತ್ತಿನ ಹಂದಿಗಳ ಕಿವಿಗೆ ಹಳದಿ ನಂಬರ್ ಬಿಲ್ಲೆ ಹೊಡೆಯುವುದು ಅವಳ ಪಾಲಿನ ಕೆಲಸ. ಆ ನಂಬರು ಹಿಡಿದು ಹೊರಟರೆ ಯಾವ ಹಂದಿ ಯಾರ ಶೆಡ್ಡಿನಿಂದ ಹೊರಟಿತು, ಯಾವ ಜೀಪು ಹತ್ತಿತು, ಎಲ್ಲಿ ಮಾಂಸವಾಯಿತು ಎಂದು ಹೇಳಬಹುದು. ಮೂರು ದಿನದ ಹಿಂದೆ ಗೋಣಿಕೊಪ್ಪಲಿನ ಆಚೆಯ ಒಂದು ಮಾಂಸದ ಘಟಕದಲ್ಲಿ, ಕೊಯ್ಯುವ ಮೊದಲೇ ಒಂದು ಹಂದಿ ಸತ್ತುಬಿದ್ದಿತ್ತು. ರಕ್ತ ಪರೀಕ್ಷೆಯಲ್ಲಿ ಆಫ್ರಿಕನ್ ಹಂದಿಜ್ವರ ಎಂದು ಬಂತು. ಕಿವಿಯಲ್ಲಿದ್ದದ್ದು ಲೋಹಿತನ ಶೆಡ್ಡಿನ ನಂಬರು.

“ಇಪ್ಪತ್ಮೂರು ಹಂದೀನೂ ಕೊಲ್ಬೇಕಾ?” ಅವನ ದನಿ ಸಣ್ಣಗಾಯಿತು.

“ಮರೀನೂ ಸೇರಿ.”

ಅವನು ತಾನೇ ಗೇಟು ತೆಗೆದು ಪಕ್ಕಕ್ಕೆ ನಿಂತ. ಹಿಂದೆ ಜೀಪಿನಿಂದ ಲೋಕೇಶ್ ಡಾಕ್ಟರು ಇಳಿದು ಔಷಧಿ ನೀರಿನಲ್ಲಿ ಬೂಟು ಅದ್ದುತ್ತಿದ್ದರು.

ಈ ಕಾಯಿಲೆಗೆ ಮದ್ದಿಲ್ಲ. ಅದು ಎಲ್ಲಿಗೆ ಹೋಗಿದೆಯೆಂದು ಹುಡುಕಿ ತಡೆಯುವುದೊಂದೇ ದಾರಿ. ಅದಕ್ಕೇ ಧನುಶ್ರೀ ಅವನ ಓಡಾಟದ ಪುಸ್ತಕ ತೆಗೆದಳು. ಬಂದದ್ದು, ಹೋದದ್ದು ಎಲ್ಲ ಅದರಲ್ಲಿರಬೇಕು. ಗೋಣಿಕೊಪ್ಪಲಿಗೆ ಹೋದ ಆರು ಹಂದಿ ಬಿಟ್ಟರೆ ಬೇರೆ ಒಂದು ಸಾಲೂ ಇರಲಿಲ್ಲ.

“ಇಪ್ಪತ್ತು ದಿನದಲ್ಲಿ ಇನ್ಯಾವುದೂ ಗೇಟು ದಾಟಿಲ್ವಾ?”

“ಇಲ್ಲ.”

ಉತ್ತರ ಹೇಳುವಾಗ ಅವನು ನೆಲ ನೋಡಿದ. ಆರು ತಿಂಗಳಿಂದ ಅವಳ ಕಣ್ಣು ಬಿಟ್ಟು ಬೇರೆ ಕಡೆ ನೋಡದವನು.

ಶೆಡ್ಡಿನ ಕೊನೆಯಲ್ಲಿ ಅವನ ಗಂಡುಹಂದಿ ಮಲಗಿತ್ತು. ಅವಳು ಬಗ್ಗಿ ಅದರ ಹಗ್ಗ ಹಿಡಿದು ನೋಡಿದಳು. ಹಳೇ ಹಸಿರು ಸೀರೆಯ ಅಂಚು ಹೊಸೆದ ಹಗ್ಗ. ಗುಡ್ಡದಾಚೆಯ ಹುಚ್ಚಮ್ಮ ಒಬ್ಬಳೇ ಹಾಗೆ ಹೊಸೆಯುವವಳು.

ಈ ಕಡೆ ಗಂಡುಹಂದಿಯನ್ನು ಎಲ್ಲರೂ ಸಾಕುವುದಿಲ್ಲ. ಮರಿ ಹಾಕಿಸಲು ಬೇಕಾದವರು ಕೇಳುತ್ತಾರೆ, ಇದ್ದವರು ನಾಲ್ಕು ದಿನ ಬಿಟ್ಟು ಬರುತ್ತಾರೆ. ಅದು ಮಾರಾಟವಲ್ಲ, ನಂಟಸ್ತಿಕೆ. ಹಿಂದೊಂದು ದಿನ, ಪುಷ್ಯದ ಚಳಿಯಲ್ಲಿ, ಲೋಹಿತ ಮರಿಗಳನ್ನು ಎದೆಗೆ ಒತ್ತಿ ಹಿಡಿದಿದ್ದ. ಧನುಶ್ರೀ ಬಿಲ್ಲೆ ಹೊಡೆಯುತ್ತಿದ್ದಳು. “ನಮ್ಮ ಗಂಡು ಹುಚ್ಚಮ್ಮಜ್ಜಿ ಮನೆಗೆ ಹೋಗಿ ಬಂದ್ರೂ ಬರೀಬೇಕಾ ಮೇಡಂ?” ಎಂದು ಅವನು ಕೇಳಿದ್ದ. ಕೆನ್ನೆಯ ಗುಳಿಯಲ್ಲಿ ನಗು ಇಟ್ಟುಕೊಂಡೇ ಕೇಳಿದ್ದ. ಇವಳ ಗಮನ ಪ್ರಶ್ನೆಯ ಮೇಲಿರಲಿಲ್ಲ, ಗುಳಿಯ ಮೇಲಿತ್ತು. “ನೆಂಟರ ಮನೆಗೆ ಹೋಗಿ ಬಂದಿದ್ದನ್ನೆಲ್ಲ ಯಾರು ಬರೀತಾರೆ? ಮಾರಿದ್ರೆ ಬರೀರಿ ಸಾಕು” ಅಂದುಬಿಟ್ಟಿದ್ದಳು.

“ಯಾವಾಗ ಬಿಟ್ಟಿದ್ರಿ?” ಈಗ ಪಿಸುದನಿಯಲ್ಲಿ ಕೇಳಿದಳು.

“ಹನ್ನೆರಡು ದಿನ ಆಯ್ತು.” ಅವನೂ ಪಿಸುದನಿಯಲ್ಲೇ ಹೇಳಿದ. “ನಾವಾಗಿ ಹೇಳೋದು ಬೇಡ. ಡಾಕ್ಟ್ರು ಕೇಳಿದ್ರೆ ಬರಿಯೋದು ನಾನೇ ಮರ್ತೆ ಅಂತೀನಿ. ನಿಮ್ಮ ಕೆಲ್ಸ ಹೊಸದು. ಅಜ್ಜಿ ಹಂದಿ ಎಲ್ಲ ಚೆನ್ನಾಗಿವೆ, ನಿನ್ನೆ ಫೋನ್ ಮಾಡಿ ಕೇಳ್ದೆ.”

“ಬುಧವಾರ ಸಿದ್ದಾಪುರದ ಮದುವೆ ಮನೆಗೆ ನಾಲ್ಕು ಕಳಿಸ್ತಾರೆ ಅವ್ರು. ಗೊತ್ತಲ್ವಾ?”

ಒಬ್ಬ ಗಂಡಸು ತನಗಾಗಿ ಸುಳ್ಳು ಹೇಳಲು ನಿಂತಿದ್ದಾನೆ. ಅವಳ ಜೀವಮಾನದಲ್ಲಿ ಅಷ್ಟು ಪ್ರೀತಿಯನ್ನು ಯಾರೂ ತೋರಿಸಿರಲಿಲ್ಲ. ಅದನ್ನು ಒಪ್ಪಿಕೊಂಡುಬಿಡಲು ಅವಳ ಮನಸ್ಸು ಎಷ್ಟು ಆಸೆಪಟ್ಟಿತೆಂದು ದೇವರಿಗೇ ಗೊತ್ತು.

ಅವಳು ಹೊರಗೆ ಹೋಗಿ ಡಾಕ್ಟರ ಮುಂದೆ ನಿಂತಳು. “ಸಾರ್, ಇಲ್ಲಿನ ಗಂಡು ಹುಚ್ಚಮ್ಮನವರ ಮನೇಲಿ ನಾಲ್ಕು ದಿನ ಇತ್ತು. ಪುಸ್ತಕದಲ್ಲಿಲ್ಲ. ಬರೀಬೇಡಿ ಅಂದಿದ್ದು ನಾನೇ.”

ಲೋಕೇಶ್ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ನೋಟಿಸ್ ಬರತ್ತೆ ಧನುಶ್ರೀ, ಗೊತ್ತಾ?”

“ಬರ್ಲಿ ಸಾರ್. ಮೊದ್ಲು ಅಲ್ಲಿಗೆ ಹೋಗೋಣ.”

ಹುಚ್ಚಮ್ಮನ ಒಂಬತ್ತು ತಾಯಿಹಂದಿಗಳಲ್ಲಿ ಎರಡಕ್ಕೆ ಆಗಲೇ ಜ್ವರ ಏರಿತ್ತು. ಬುಧವಾರ ಅವಳ ಹಿತ್ತಲಲ್ಲೂ ಗುಂಡಿ ತೋಡಿ, ಕೊಂದ ಹಂದಿಗಳನ್ನು ಹೂತು ಸುಣ್ಣ ಸುರಿದರು. ಬಿಳಿ ಸೂಟು ತೊಟ್ಟು ಲೋಹಿತನೂ ಗುದ್ದಲಿ ಹಿಡಿದ. ಇಲ್ಲಿಂದ ರೋಗ ಹೊತ್ತು ಹೋದರೂ ಅಂಟಿಸಲು ಅವನ ಶೆಡ್ಡಿನಲ್ಲಿ ಇನ್ನು ಒಂದು ಮರಿಯೂ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಧನುಶ್ರೀ ಮಾಸ್ಕ್ ತೆಗೆದು ಜಗಲಿಯ ಕೆಳಗೆ ನಿಂತಳು. “ಅಜ್ಜಿ, ತಪ್ಪು ನಂದು. ಹೊಟ್ಟೆಗೆ ಹಾಕ್ಕೊಳ್ಳಿ.”

“ಈಗ್ಲೇ ಆಗಲ್ಲ ಮಗ.” ಹುಚ್ಚಮ್ಮ ಗುಂಡಿಯ ಕಡೆಯೇ ನೋಡುತ್ತಿದ್ದಳು. “ಒಂದೊಂದಕ್ಕೂ ಹೆಸ್ರಿಟ್ಟು ಕರೀತಿದ್ದೆ. ಸಿದ್ದಾಪುರಕ್ಕೆ ಹೋಗ್ಲಿಲ್ಲ ಅಲ್ವಾ ಕಾಯ್ಲೆ?”

“ಇಲ್ಲ ಅಜ್ಜಿ. ಇಲ್ಲಿಗೇ ನಿಂತಿತು.”

“ಅಷ್ಟಾದ್ರೂ ಆಯ್ತಲ್ಲ.” ಮುದುಕಿ ಎದ್ದು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಇಬ್ಬರೂ ನಲ್ಲಿಯ ಹತ್ತಿರ ಕೈ ತೊಳೆಯಲು ನಿಂತರು. ಸಂಜೆಯ ಬಿಸಿಲು ಕಾಫಿ ಗಿಡಗಳ ಮೇಲೆ ಇಳಿಯುತ್ತಿತ್ತು.

“ನಾನು ಉತ್ತರ ಕೇಳಲ್ಲ ಮೇಡಂ. ಇವತ್ತು ಕೇಳ್ಬಾರ್ದು.”

“ಹೌದು ಅನ್ನಕ್ಕೇ ಇದ್ದೆ. ಭಾನುವಾರ ರಿಪೋರ್ಟ್ ಬಂತು.”

“ಈಗ?”

“ಈಗ್ಲೂ ಹೌದು.” ಅವಳು ಅವನ ಕಡೆ ತಿರುಗಿದಳು. “ನನ್ಗೆ ನೀವಂದ್ರೆ ಪ್ರಾಣ. ಆದ್ರೆ ನನ್ಗೋಸ್ಕರ ಸುಳ್ಳು ಹೇಳ್ಬೇಡಿ. ನಾನು ತಪ್ಪು ಮಾಡಿದ್ರೆ ತಪ್ಪು ಅನ್ನಿ. ಅಷ್ಟು ಆಗತ್ತಾ?”

ಲೋಹಿತ ನಲ್ಲಿ ನಿಲ್ಲಿಸಿದ. ಮೂರು ದಿನದ ಮೇಲೆ ಮೊದಲ ಸಲ ಅವಳ ಕಣ್ಣನ್ನು ನೆಟ್ಟ ನೋಟದಿಂದ ನೋಡಿದ. ಹೇಳಲು ಅವನಿಗೆ ಬಹಳ ಕಷ್ಟವಾಯಿತು.

“ನೀನು ತಪ್ಪು ಮಾಡ್ದೆ, ಧನು.”

ಮೇಡಂ ಎನ್ನದೆ, ನೀವು ಎನ್ನದೆ ಅವನು ಕರೆದದ್ದು ಅದೇ ಮೊದಲು. ಮೂರು ದಿನದಿಂದ ತಡೆದಿಟ್ಟ ಅಳು ಅವಳಿಗೆ ಒಮ್ಮೆಲೇ ಬಂತು. ಅವನು ಒದ್ದೆ ಕೈಯಲ್ಲೇ ಅವಳ ಕೈ ಹಿಡಿದುಕೊಂಡ, ಸಮಾಧಾನ ಮಾಡಲು ಹೋಗಲಿಲ್ಲ.