ಅಲ್ಲಗಳೆಯದ ಸಾವು

ದುಂಬಿ ಕಿಟಕಿಯಿಂದ ಹಾರಿತೆಂದರೆ ಪ್ರತಿವಾದಿಯ ಆಟ ಮುಗಿಯಿತು. ಬೆಂಕಿಪೊಟ್ಟಣದಷ್ಟೇ ಯಂತ್ರ, ಆದರೆ ಸಮನ್ಸ್ ತಪ್ಪಿಸಿಕೊಳ್ಳಲು ಸಮುದ್ರದ ತಳದಲ್ಲಿ ಕೂತವನ ಮೂಗಿನ ತುದಿಯ ಮೇಲೂ ಹೋಗಿ ಕೂರುತ್ತಿತ್ತು. ಒಬ್ಬರ ಉಸಿರಿನ ವಾಸನೆ ಇನ್ನೊಬ್ಬರಿಗಿಲ್ಲ. ಹಳೆಯ ಅಂಗಿಯೊಂದನ್ನು ಮೂಸಿಸಿದರೆ ಸಾಕು, ಆ ಉಸಿರಿನ ಜಾಡು ಹಿಡಿದು ಹೊರಡುತ್ತಿತ್ತು. 2063ರ ಹೊತ್ತಿಗೆ ಗದಗ ಸೀಮೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ, ಬಾಗಿಲಿಗೆ ಸಮನ್ಸ್ ಅಂಟಿಸಿ ಬರುತ್ತಿದ್ದ ಅಮೀನರು ಕೆಲಸವಿಲ್ಲದೆ ಕುರ್ಚಿಗೇ ಬೇರು ಬಿಟ್ಟಿದ್ದರು.

ದುಂಬಿಯನ್ನು ಕಂಡುಹಿಡಿದ ಡಾ. ಶರೀಫಾ ನದಾಫ್ ಅವರೆದುರು ಸುವರ್ಣಾ ಬಡಿಗೇರ ಒಂದು ಅಂಗಿ ಹಿಡಿದು ಕೂತಿದ್ದಳು. ಗಂಡ ಕಾಳಪ್ಪ ಮನೆ ಬಿಟ್ಟು ಹನ್ನೊಂದು ವರ್ಷ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತನೆಂದು ಘೋಷಿಸಬಹುದು. ಆಕೆ ದಾವೆ ಹೂಡಿದ್ದಳು. ಹೊಸ ನಿಯಮದಂತೆ ಸತ್ತವನೇ ಮೊದಲ ಪ್ರತಿವಾದಿ.

"ಸತ್ತವ್ರನ್ನೂ ಕೋರ್ಟಿಗೆ ಕರೀತೀರೇನ್ರಿ ಮೇಡಂ?"

"ಕರೀಬೇಕಲ್ಲವ್ವಾ. ಸಿಗದಿದ್ರ ದುಂಬಿ ಕಾಗದ ಸಮೇತ ತಿರುಗಿ ಬರತೈತಿ. ನಿನ್ನ ಕೆಲಸ ಹಗುರ."

"ಕುಂಕುಮ ಇಡು ಅಂತಾಳ ನಮ್ಮತ್ತಿ, ಬ್ಯಾಡ ಅಂತಾನ ನನ್ನ ತಮ್ಮ. ಹನ್ನೊಂದು ವರ್ಷ ಅರ್ಧಾ ಮುತ್ತೈದಿ ಆಗೇನ್ರಿ. ಒಂದು ಕಡೆ ಆಗ್ಲಿ."

ಆರನೆಯ ದಿನ ದುಂಬಿ ಮರಳಿತು. ಕಾಗದ ಇರಲಿಲ್ಲ, ಅದನ್ನು ಎಷ್ಟು ಸಲ ಓದಿದನೆಂಬ ಲೆಕ್ಕ, ಓದಿದವನ ಉಸಿರಿನ ವಾಸನೆ, ಸದ್ದು ಮಾತ್ರ ದಾಖಲಾಗಿದ್ದವು. ಶರೀಫಾ ನಲವತ್ತು ಸಲ ಅಂಗಿಗೆ ಹೋಲಿಸಿ ನೋಡಿದರು. ತಮ್ಮ ಯಂತ್ರ ತಪ್ಪಿರಲಿ ಎಂದು ಅವರು ಬಯಸಿದ್ದು ಜನ್ಮದಲ್ಲಿ ಅದೊಂದೇ ಸಲ.

"ಅದಾರೇನ್ರಿ?"

"ಅದಾರ. ಎರಡು ಸಲ ಓದ್ಯಾರ."

ಲಿಖಿತ ಉತ್ತರಕ್ಕೆ ಮೂವತ್ತು ದಿನ. ಕೋರ್ಟು ದೊಡ್ಡ ಮನಸ್ಸು ಮಾಡಿದರೆ ತೊಂಬತ್ತು. ದಾವೆಯ ನಾಲ್ಕನೆಯ ಪ್ಯಾರಾದಲ್ಲಿತ್ತು: ಪ್ರತಿವಾದಿ ಬದುಕಿಲ್ಲ. ಅದು ಸುಳ್ಳು ಎಂದು ಒಂದು ಸಾಲು ಬರೆದಿದ್ದರೆ ಕಾಳಪ್ಪ ಬದುಕಿಬಿಡುತ್ತಿದ್ದ. ಪ್ರತಿವಾದಿ ಅಲ್ಲಗಳೆಯದ್ದನ್ನು ಒಪ್ಪಿದಂತೆ ಎನ್ನುವುದು ಮುತ್ತಜ್ಜರ ಕಾಲದಿಂದ ಬಂದ ನಿಯಮ. ದುಂಬಿ ತಂದ ಉಸಿರೋ, ಸಮನ್ಸ್ ಮುಟ್ಟಿತೆಂಬುದಕ್ಕೆ ಮಾತ್ರ ಸಾಕ್ಷಿ. ಬೇರೆ ಯಾವುದಕ್ಕೂ ಬಳಸಕೂಡದು, ವಿಳಾಸ ಯಾರಿಗೂ ಕೊಡಕೂಡದು. ಜನರ ಗುಟ್ಟು ಕಾಪಾಡಲು ಹಟ ಹಿಡಿದು ಆ ಷರತ್ತು ಬರೆಸಿದ್ದವರು ಶರೀಫಾ ಅವರೇ.

ತೊಂಬತ್ತು ದಿನವೂ ಸುವರ್ಣಾ ಕೋರ್ಟಿನ ಕಿಟಕಿಗೆ ಬಂದು ಕೇಳಿದಳು. ಉತ್ತರ ಬರಲಿಲ್ಲ. ತೊಂಬತ್ತೊಂದನೆಯ ದಿನ, ಉಸಿರಾಡುತ್ತಿದ್ದ ಕಾಳಪ್ಪ ಕಾನೂನಿನಂತೆ ಸತ್ತ.

"ಕೋರ್ಟು ರಂಡಿ ಅಂತು, ನಿಮ್ಮ ದುಂಬಿ ಮುತ್ತೈದಿ ಅಂತೈತಿ," ಎಂದು ಸುವರ್ಣಾ ಕೋರ್ಟಿನ ಜಗಲಿಯಲ್ಲಿ ಕೂತಳು. "ಆ ಉಸಿರು ಒಮ್ಮಿ ಕೇಳಸ್ರಿ."

ಶರೀಫಾ ಕೇಳಿಸಿದರು. ಎಳೆದುಕೊಂಡ ಉಸಿರು, ತಡೆದು ನಿಂತದ್ದು, ಮೆಲ್ಲಗೆ ಬಿಟ್ಟದ್ದು. ಭಾರ ಇಳಿಸಿದವನ ಉಸಿರು.

ಸುವರ್ಣಾ ಕೇಳಿದಳು: "ನಾ ಸತ್ತೇನಂತ ಯಾರರ ಬರದು ಕಳಿಸಿದ್ರ, ಅಲ್ಲ ಅಂತ ನಾನರ ಬರೀತಿದ್ನೇನ್ರಿ?"

ಭೂಮಿಯ ಮೇಲಿನ ಯಾರನ್ನೂ ಹುಡುಕಬಲ್ಲ ಯಂತ್ರ ಮಾಡಿದ್ದ ಶರೀಫಾ, ಕಾಳಪ್ಪನ ಹಳೆಯ ಅಂಗಿಯನ್ನು ಮಡಚಿ ಆಕೆಯ ಕೈಗಿಟ್ಟರು.

ದಾವೆಯಲ್ಲಿ ಕಾಳಪ್ಪನ ವಯಸ್ಸು ನಲವತ್ತಾರು. ಲೆಕ್ಕ ಹಾಕಿದರೆ, ನೀವು ಇದನ್ನು ಓದುವ ಹೊತ್ತಿಗೆ ಅವನು ಯಾವುದೋ ಶಾಲೆಯ ಬೆಂಚಿನ ಮೇಲಿದ್ದಾನೆ. ಮೇಷ್ಟ್ರು ಹಾಜರಿ ಕರೆಯುತ್ತಿದ್ದಾರೆ. ತನ್ನ ಹೆಸರು ಬಂದದ್ದೇ ತಡ, ಪಕ್ಕದ ತರಗತಿಗೂ ಕೇಳುವಂತೆ ಅವನು ಇದ್ದೇನೆ ಎನ್ನುತ್ತಾನೆ.