ಬುಟ್ಟಿಯಲ್ಲಿದ್ದ ಉಂಗುರ

ಬೆಳಿಗ್ಗೆ ಒಂಬತ್ತಕ್ಕೆ, ನಾವು ಮಾಡಿದ ಸ್ಯಾಂಪಲ್ ಬ್ಯಾಟರಿ ಸತ್ತಿದೆ ಎಂದು ಗೊತ್ತಾಯಿತು. ಮುಚ್ಚಳ ತೆಗೆದರೆ ಒಳಗಿನ ವೈರುಗಳನ್ನು ಯಾರೋ ಕತ್ತರಿಸಿದ್ದರು. ಹನ್ನೊಂದಕ್ಕೆ ಅದನ್ನು ಪರೀಕ್ಷಿಸಲು ಎಲೆಕ್ಟ್ರಿಕ್ ಕಾರ್ ಕಂಪನಿಯವರು ರಾಜಾಜಿನಗರದ ನಮ್ಮ ಶೆಡ್ಡಿಗೆ ಬರುವವರಿದ್ದರು. ಆರ್ಡರ್ ಸಿಕ್ಕರೆ ಮೂರು ವರ್ಷ ಕೆಲಸ. ಸಿಗದಿದ್ದರೆ ಶೆಡ್ಡಿಗೆ ಬೀಗ.

"ಇರೋದು ಎರಡೇ ಕೀ. ಒಂದು ಪದ್ಮನಾಭ ಹತ್ರ, ಅವರು ನಿನ್ನೆ ಆರಕ್ಕೇ ಮನೆಗೆ ಹೋದ್ರು. ಉಳಿದಿದ್ದು ನೀನು. ಯಾರಿಗೆ ಮಾರ್ಕೊಂಡೆ ನಮ್ಮನ್ನ?" ಮಾಲೀಕ ಗಿರಿರಾಜ್ ವಾಚ್‌ಮನ್ ಈರಪ್ಪನ ಕಾಲರ್ ಹಿಡಿದರು.

"ನಾ ಮುಟ್ಟಿಲ್ರೀ ಯಪ್ಪಾ. ರಾತ್ರಿ ಎಂಟಕ್ಕ ಉಣ್ಣಾಕ ಹೋಗಿದ್ದೆ, ಅಷ್ಟ."

"ಅದನ್ನ ಪೊಲೀಸರಿಗೆ ಹೇಳು."

ಮ್ಯಾನೇಜರ್ ಪದ್ಮನಾಭ ಆಗಷ್ಟೇ ಹೆಲ್ಮೆಟ್ ಹಿಡಿದು ಬಂದರು.

ನಾನು ಕಸ ಗುಡಿಸುವವಳು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಹದಿನಾಲ್ಕು ಜನರಲ್ಲಿ ನನ್ನನ್ನು ಮಾತಾಡಿಸುವವರು ಪದ್ಮನಾಭ ಒಬ್ಬರೇ. "ಊಟ ಆಯ್ತೇನಮ್ಮ, ವಿಜಯಶ್ರೀ?" ಎಂದು ದಿನಾ ಕೇಳುತ್ತಾರೆ.

*

ಬ್ಯಾಟರಿ ಕೋಣೆಗೊಂದು ನಿಯಮವಿದೆ. ಉಂಗುರ, ವಾಚು, ಕಡಗ ಎಲ್ಲವನ್ನೂ ಬಾಗಿಲ ಬಳಿಯ ಬುಟ್ಟಿಗೆ ಹಾಕಿ ಒಳಗೆ ಹೋಗಬೇಕು. ಲೋಹ ತಗುಲಿದರೆ ಕಿಡಿ ಹಾರಿ ಕೈ ಸುಡುತ್ತದೆ.

ನಿನ್ನೆ ಎಲ್ಲರೂ ಹೋದ ಮೇಲೆ ಬುಟ್ಟಿ ಒರೆಸಿದ್ದೆ. ಖಾಲಿಯಿತ್ತು. ಬೀಗ ಹಾಕಿ ಈರಪ್ಪನಿಗೆ ಕೀ ಕೊಟ್ಟಿದ್ದೆ. ಇವತ್ತು ಮೊದಲು ಬಾಗಿಲು ತೆಗೆದವಳೂ ನಾನೇ. ಬುಟ್ಟಿಯಲ್ಲಿ ಹವಳದ ಉಂಗುರವಿತ್ತು. ಯಾರದೆಂದು ಗೊತ್ತಿತ್ತು. ಬಂದಮೇಲೆ ಕೊಡೋಣವೆಂದು ವೇಲಿನ ತುದಿಗೆ ಗಂಟು ಹಾಕಿಕೊಂಡಿದ್ದೆ.

ಈಗ ಆ ಗಂಟು ಭಾರವಾಯಿತು.

ಪದ್ಮನಾಭ ಬುಟ್ಟಿಯೊಳಗೆ ಕೈಯಾಡಿಸುತ್ತಿದ್ದರು. ಬಾಯಿ ಬಿಟ್ಟರೆ ಇವರು ಹೋಗುತ್ತಾರೆ. ಬಿಡದಿದ್ದರೆ ಈರಪ್ಪ ಜೈಲಿಗೆ.

"ಏನ್ ಹುಡುಕ್ತಿದೀರಾ ಸಾರ್?" ನನ್ನ ದನಿ ನನಗೇ ಹೊಸದಾಗಿತ್ತು.

"ಉಂಗುರ ಕಣಮ್ಮ. ಈಗ ತಾನೇ ಬಿಚ್ಚಿಟ್ಟೆ."

ಗಂಟು ಬಿಚ್ಚಿದೆ. "ಇದಾ? ನೀವು ಬರೋಕ್ ಮುಂಚೆಯಿಂದ್ಲೂ ನನ್ ಹತ್ರಾನೇ ಇದೆ. ನಿನ್ನೆ ಬೀಗ ಹಾಕೋವಾಗ ಬುಟ್ಟಿ ಖಾಲಿ ಇತ್ತು."

ಗಿರಿರಾಜ್ ಕೈಯಿಂದ ಕಾಲರ್ ಜಾರಿತು.

*

ರಾತ್ರಿ ಬ್ಯಾಟರಿ ಕೆಡಿಸಲು ಬಂದಾಗಲೂ ಪದ್ಮನಾಭ ಹನ್ನೆರಡು ವರ್ಷದ ಅಭ್ಯಾಸದಂತೆ ಮೊದಲು ಉಂಗುರ ಬಿಚ್ಚಿಟ್ಟಿದ್ದರು. ಈರಪ್ಪ ಊಟ ಮುಗಿಸಿ ಬರುವುದರೊಳಗೆ ಓಡುವ ಅವಸರದಲ್ಲಿ ಅದನ್ನು ಮರೆತಿದ್ದರು.

"ಇನ್ನೆರಡು ವರ್ಷಕ್ಕೆ ಕಾರ್ ಕಂಪನಿಗಳೇ ಬ್ಯಾಟರಿ ಮಾಡ್ಕೊಳ್ತವೆ ಸಾರ್," ಪದ್ಮನಾಭ ತಲೆಯೆತ್ತಲಿಲ್ಲ. "ನಮ್ಮಂಥ ಸಣ್ಣೋರು ಉಳಿಯಲ್ಲ. ದೊಡ್ಡ ಸಪ್ಲೈಯರ್ ಒಬ್ರು ಕೆಲಸ ಕೊಡ್ತೀನಿ ಅಂದ್ರು. ಈ ಆರ್ಡರ್ ನಿಮಗೆ ತಪ್ಪಿಸಿದ್ರೆ."

ಕಾರ್ ಕಂಪನಿಯವರು ಎರಡು ದಿನ ಸಮಯ ಕೊಟ್ಟರು. ಎಲ್ಲರೂ ವೈರು ಜೋಡಿಸಲು ಕೂತರು. ಈರಪ್ಪ ಕಣ್ಣೊರೆಸಿಕೊಂಡು, "ನನ್ನ ಉಳಿಸಿದಿ ತಂಗಿ," ಎಂದು ಗೇಟಿಗೆ ಹೋದ. ಪೊಲೀಸ್ ಜೀಪು ಹತ್ತುವಾಗ ಪದ್ಮನಾಭ ನನ್ನತ್ತ ನೋಡಲಿಲ್ಲ.

ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆಗೆದೆ. ಚಿತ್ರಾನ್ನ. ಒಂದಷ್ಟು ಹೊತ್ತು ಕಾದೆ.

ಊಟ ಆಯ್ತಾ ಎಂದು ಯಾರೂ ಕೇಳಲಿಲ್ಲ.